ಪಿಕಪ್‌ಗೆ ಎಷ್ಟು ದೊಡ್ಡ ಟೈರು ಬೇಕು?

ಬಿಡದಿಯ ಟೊಯೋಟಾ ಕಿರ್ಲೋಸ್ಕರ್ ಕಾರ್ಖಾನೆಯಿಂದ 2022ರಿಂದ ಹೊರಬರುತ್ತಿರುವ ಹೈಲಕ್ಸ್ ಪಿಕಪ್‌ಗೆ ಎರಡು ಅಳತೆಯ ಚಕ್ರಗಳಿವೆ. ಸ್ಟ್ಯಾಂಡರ್ಡ್ ಮಾದರಿಗೆ 265/65 R17, ಹೆಚ್ಚು ಬೆಲೆಯ ಹೈ ಮಾದರಿಗೆ 265/60 R18. ಶೋರೂಮಿನ ದೀಪದ ಕೆಳಗೆ ನಿಲ್ಲಿಸಿದಾಗ ಕಣ್ಣು ಹೋಗುವುದು ಹದಿನೆಂಟರ ಕಡೆಗೆ. ಲೋಹ ಹೆಚ್ಚು, ಹೊಳಪು ಹೆಚ್ಚು, ಬೆಲೆಯೂ ಹೆಚ್ಚು. ಆದರೆ ಗಾಡಿಯನ್ನು ನಿಜವಾಗಿ ಕಲ್ಲುಮಣ್ಣಿಗೆ ಇಳಿಸುವವರಿಗೆ ಅನುಕೂಲವಾಗಿರುವುದು ಅಗ್ಗದ ಮಾದರಿಯ ಚಕ್ರವೇ. ಹೀಗೇಕೆ ಎಂಬುದು ಅರ್ಥವಾದರೆ ಟೈರಿನ ಆಯ್ಕೆಯ ಅರ್ಧ ಕೆಲಸ ಮುಗಿದಂತೆ.

ಟೈರಿನ ಪಕ್ಕೆಯ ಮೇಲೆ ಅಚ್ಚಾದ ಆ ಸಂಖ್ಯೆಗಳನ್ನು ಮೊದಲು ಓದಿಕೊಳ್ಳೋಣ. 265 ಎಂದರೆ ಟೈರಿನ ಅಗಲ, ಮಿಲಿಮೀಟರಿನಲ್ಲಿ. 65 ಎಂಬುದು ಮಿಲಿಮೀಟರ್ ಅಲ್ಲ, ಶೇಕಡಾವಾರು: ರಿಮ್‌ನ ಅಂಚಿನಿಂದ ನೆಲದವರೆಗಿನ ರಬ್ಬರಿನ ಎತ್ತರ, ಅಂದರೆ ಸೈಡ್‌ವಾಲ್, ಅಗಲದ ಶೇ 65ರಷ್ಟು. R ಅಂದರೆ ರೇಡಿಯಲ್. ಕೊನೆಯ 17 ರಿಮ್‌ನ ವ್ಯಾಸ, ಅದು ಮಾತ್ರ ಇಂಚಿನಲ್ಲಿ. ಒಂದೇ ಸಾಲಿನಲ್ಲಿ ಮಿಲಿಮೀಟರ್, ಶೇಕಡಾ, ಇಂಚು ಮೂರನ್ನೂ ಕಲಸಿಟ್ಟವರು ಯಾರೋ ಗೊತ್ತಿಲ್ಲ, ಗ್ರಾಹಕನ ಮೇಲೆ ಅವರಿಗೆ ಹೆಚ್ಚು ಕರುಣೆ ಇದ್ದಂತಿಲ್ಲ.

ಲೆಕ್ಕ ಮಾಡಿದರೆ ಹದಿನೇಳರ ಚಕ್ರಕ್ಕೆ ಸೈಡ್‌ವಾಲ್ ಸುಮಾರು 172 ಮಿ.ಮೀ. ಎರಡು ಕಡೆಯದನ್ನೂ ಸೇರಿಸಿ ರಿಮ್‌ನ 431.8 ಮಿ.ಮೀ. ಕೂಡಿದರೆ ಒಟ್ಟು ವ್ಯಾಸ 776 ಮಿ.ಮೀ. ಹದಿನೆಂಟರ ಚಕ್ರಕ್ಕೆ ಸೈಡ್‌ವಾಲ್ 159, ಒಟ್ಟು ವ್ಯಾಸ 775. ಎರಡು ಚಕ್ರಗಳ ಎತ್ತರದಲ್ಲಿ ವ್ಯತ್ಯಾಸ ಒಂದೇ ಮಿಲಿಮೀಟರು. ಅಂದರೆ ದೊಡ್ಡ ರಿಮ್ ಹಾಕಿದ್ದರಿಂದ ಗಾಡಿ ಎತ್ತರವಾಗಲಿಲ್ಲ, ರಬ್ಬರು ಇರಬೇಕಾದ ಜಾಗಕ್ಕೆ ಲೋಹ ಬಂತು, ಅಷ್ಟೆ. ಕಲ್ಲಿನ ಮೇಲೆ ಹತ್ತುವಾಗ ಬಗ್ಗಿ, ಅದರ ಆಕಾರಕ್ಕೆ ಹೊಂದಿ, ಪೆಟ್ಟನ್ನು ನುಂಗಿ ಹಿಡಿತ ಕೊಡುವುದು ರಬ್ಬರು. ಲೋಹ ಬಗ್ಗಿದರೆ ಅದು ರಿಪೇರಿಯ ವಿಷಯ. ಮಳೆಗಾಲ ಮುಗಿಯುವ ಹೊತ್ತಿಗೆ ನಮ್ಮ ಬಡಾವಣೆಗಳ ರಸ್ತೆಗಳಲ್ಲಿ ಬಾಯಿ ತೆರೆದುಕೊಳ್ಳುವ ಚೂಪು ಅಂಚಿನ ಗುಂಡಿಗಳಿಗೂ ಇದೇ ಮಾತು ಅನ್ವಯಿಸುತ್ತದೆ. ಆ ಹದಿಮೂರು ಮಿಲಿಮೀಟರ್ ರಬ್ಬರಿನ ಬೆಲೆ ತಿಳಿಯಲು ಕಾಡಿಗೇ ಹೋಗಬೇಕಿಲ್ಲ, ಸುಲ್ತಾನ್‌ಪಾಳ್ಯದ ಅಡ್ಡರಸ್ತೆ ಸಾಕು.

ಯಲಹಂಕ, ಹೆಬ್ಬಾಳದ ಕಡೆ ಈಗ KA-50, KA-04 ಫಲಕ ಹೊತ್ತ ಹೈಲಕ್ಸ್, ಇಸುಜು ವಿ-ಕ್ರಾಸ್ ಪಿಕಪ್‌ಗಳು ಕಣ್ಣಿಗೆ ಬೀಳುತ್ತಲೇ ಇರುತ್ತವೆ. ಅವುಗಳ ವಾರದ ದಿನಚರಿಯನ್ನು ಊಹಿಸುವುದು ಕಷ್ಟವಲ್ಲ. ಐದು ದಿನ ಹೆಬ್ಬಾಳದ ಮೇಲ್ಸೇತುವೆ, ಬಳ್ಳಾರಿ ರಸ್ತೆ, ಇಲ್ಲವೇ ತುಮಕೂರು ರಸ್ತೆಯ ಲಾರಿಗಳ ನಡುವೆ ಆಮೆಯೋಟ. ಶನಿವಾರ, ಭಾನುವಾರ ದೊಡ್ಡಬಳ್ಳಾಪುರದಾಚೆಯ ತೋಟ, ಘಾಟಿ ಸುಬ್ರಹ್ಮಣ್ಯದ ಕಡೆಯ ಮಣ್ಣುದಾರಿ, ಮಾಕಳಿದುರ್ಗದ ಸುತ್ತಲಿನ ಬಂಡೆಗಲ್ಲು. ವರ್ಷಕ್ಕೊಮ್ಮೆ ಗೆಳೆಯರ ಜೊತೆ ಸಕಲೇಶಪುರದ ಕೆಸರು. ಕಿಲೋಮೀಟರಿನ ಲೆಕ್ಕದಲ್ಲಿ ಡಾಂಬರಿನ ಪಾಲೇ ಬಹುದೊಡ್ಡದು. ಆದರೂ ಟೈರಿನ ಅಂಗಡಿಗೆ ಹೋದಾಗ ಹೆಚ್ಚಿನವರು ಕೇಳುವ ಮೊದಲ ಪ್ರಶ್ನೆ: ‘ಇದಕ್ಕೆ ಎಷ್ಟು ದೊಡ್ಡದು ಹಿಡಿಯುತ್ತೆ?’ ಹಿಡಿಯುವುದು ಬೇರೆ, ಬೇಕಾಗುವುದು ಬೇರೆ.

ಹೈಲಕ್ಸ್‌ನವರು ಆಸೆಪಡುವ ಒಂದು ಅಳತೆ 285/70 R17. ವ್ಯಾಸ ಸುಮಾರು 831 ಮಿ.ಮೀ., ಮೂಲದ್ದಕ್ಕಿಂತ ಶೇ 7ರಷ್ಟು ಹೆಚ್ಚು. ಇದರಿಂದ ಲಾಭವೇ ಇಲ್ಲ ಎಂದರೆ ಸುಳ್ಳಾಗುತ್ತದೆ. ಎತ್ತಿನಗಾಡಿಯ ಚಕ್ರವನ್ನು ಅಷ್ಟೆತ್ತರ ಮಾಡಿದವರಿಗೆ ಗೊತ್ತಿದ್ದ ಸಂಗತಿಯೇ ಇಲ್ಲೂ ಕೆಲಸ ಮಾಡುವುದು: ಚಕ್ರ ದೊಡ್ಡದಾದಷ್ಟೂ ಹಳ್ಳ ಚಿಕ್ಕದಾಗುತ್ತದೆ. ಜೊತೆಗೆ ಈ ಪಿಕಪ್‌ಗಳ ಹಿಂದಿನ ಆಕ್ಸಲ್ ಒಂದೇ ಗಟ್ಟಿ ತುಂಡು, ನಡುವೆ ಡಿಫರೆನ್ಷಿಯಲ್ಲಿನ ಗುಂಡು ಹೊಟ್ಟೆ ಜೋತುಬಿದ್ದಿರುತ್ತದೆ. ಕಲ್ಲಿಗೆ ಮೊದಲು ತಾಗುವುದರಲ್ಲಿ ಅದೂ ಒಂದು. ಸಸ್ಪೆನ್ಷನ್‌ಗೆ ಲಿಫ್ಟ್ ಕಿಟ್ ಹಾಕಿಸಿದರೆ ಬಾಡಿ ಮೇಲೇಳುತ್ತದೆಯೇ ಹೊರತು ಈ ಹೊಟ್ಟೆ ಇದ್ದಲ್ಲೇ ಇರುತ್ತದೆ. ಅದನ್ನು ಎತ್ತಬಲ್ಲದ್ದು ಟೈರು ಮಾತ್ರ. ಆದರೆ ಎಷ್ಟು ಎತ್ತುತ್ತದೆ? ವ್ಯಾಸ ಹೆಚ್ಚಿದ್ದರಲ್ಲಿ ಅರ್ಧ, ಅಂದರೆ ಸುಮಾರು 28 ಮಿ.ಮೀ. ಮೂರು ಸೆಂಟಿಮೀಟರೂ ಇಲ್ಲ.

ಇದಕ್ಕೆ ತೆರುವ ಬೆಲೆ ಟೈರಿನ ಬಿಲ್ಲಿನಲ್ಲಿ ಕಾಣುವುದಿಲ್ಲ. ಎಂಜಿನ್ನು ಆಕ್ಸಲ್ಲಿಗೆ ಕೊಡುವ ತಿರುಚುಬಲ ಅಷ್ಟೇ ಇರುತ್ತದೆ, ಅದು ನೆಲವನ್ನು ತಳ್ಳಬೇಕಾದ ದೂರ ಮಾತ್ರ ಹೆಚ್ಚಾಗಿರುತ್ತದೆ. ಹಾಗಾಗಿ ನೆಲದಲ್ಲಿ ಸಿಗುವ ಎಳೆತ ಸುಮಾರು ಶೇ 7ರಷ್ಟು ಕಡಿಮೆ. ಎಲ್ಲ ಗೇರುಗಳೂ ಒಂದಿಷ್ಟು ಉದ್ದವಾದಂತೆ. ನಂದಿಬೆಟ್ಟದ ತಿರುವುಗಳಲ್ಲಿ ಮೂರನೆಯದರಲ್ಲಿ ಹತ್ತುತ್ತಿದ್ದ ಗಾಡಿ ಎರಡನೆಯದನ್ನು ಕೇಳತೊಡಗುತ್ತದೆ. ಬ್ರೇಕಿನ ಕಥೆಯೂ ಅದೇ: ಅದೇ ಡಿಸ್ಕು, ಅದೇ ಪ್ಯಾಡು, ತಡೆಯಬೇಕಾದ ಚಕ್ರ ಮಾತ್ರ ದೊಡ್ಡದು, ಭಾರವಾದದ್ದು. ದಪ್ಪ ಪದರದ ಕೆಸರು ಟೈರಾದರೆ ಒಂದೊಂದು ಚಕ್ರದಲ್ಲಿ ಎಂಟು-ಹತ್ತು ಕೆಜಿ ಹೆಚ್ಚುವುದು ಅಪರೂಪವಲ್ಲ. ಆ ತೂಕ ಸ್ಪ್ರಿಂಗಿನ ಮೇಲಿಲ್ಲ, ಕೆಳಗಿದೆ. ಪ್ರತಿ ಹಂಪಿನಲ್ಲೂ ಶಾಕ್ ಅಬ್ಸಾರ್ಬರು, ಬೇರಿಂಗು, ಸ್ಟೀರಿಂಗಿನ ಕೀಲುಗಳು ಅದರ ಪೆಟ್ಟು ತಿನ್ನಬೇಕು.

ಇನ್ನು ಸ್ಪೀಡೋಮೀಟರು. ಅದು ಎಣಿಸುವುದು ಸುತ್ತುಗಳನ್ನು, ಕಿಲೋಮೀಟರುಗಳನ್ನಲ್ಲ. ಚಕ್ರ ಶೇ 7ರಷ್ಟು ದೊಡ್ಡದಾದರೆ, ಮೊದಲು ಸರಿಯಾಗಿ ತೋರಿಸುತ್ತಿದ್ದ ಮೀಟರು 78 ಎನ್ನುವಾಗ ಗಾಡಿ 83ರ ಮೇಲಿರುತ್ತದೆ. ವಿಮಾನ ನಿಲ್ದಾಣದ ರಸ್ತೆಯಲ್ಲಿ ಮಿತಿ 80. ಮೀಟರು ನಿಜ ವೇಗಕ್ಕಿಂತ ಕಡಿಮೆ ತೋರಿಸಬಾರದೆಂಬ ನಿಯಮವಿರುವುದರಿಂದ ಕಂಪನಿಗಳು ಅದನ್ನು ಸ್ವಲ್ಪ ಹೆಚ್ಚೇ ತೋರಿಸುವಂತೆ ಇಟ್ಟಿರುತ್ತವೆ, ದೊಡ್ಡ ಟೈರು ಆ ಉಳಿಕೆಯನ್ನು ತಿಂದುಹಾಕುತ್ತದೆ. ಓಡಿದ ದೂರವೂ ಹಾಗೆಯೇ: ನೂರು ಕಿಲೋಮೀಟರ್ ಓಡಿಸಿದರೆ ಮೀಟರಿನಲ್ಲಿ ಬರುವುದು ಸುಮಾರು 93. ದೊಡ್ಡ ಟೈರು ಹಾಕಿಸಿದ ಮೇಲೆ ಮೈಲೇಜು ಕುಸಿದುಬಿತ್ತು ಎಂದು ಗೋಳಾಡುವವರು ಮೊದಲು ಈ ಏಳು ಕಿಲೋಮೀಟರನ್ನು ಲೆಕ್ಕಕ್ಕೆ ಸೇರಿಸಿಕೊಳ್ಳಬೇಕು. ಸೇರಿಸಿದ ಮೇಲೂ ಡೀಸೆಲ್ ಹೆಚ್ಚೇ ಕುಡಿಯುತ್ತದೆ, ಆದರೆ ಅವರು ಹೇಳುವಷ್ಟಲ್ಲ.

ಆದ್ದರಿಂದ ವ್ಯಾಸದಲ್ಲಿ ಶೇ 3ರ ಆಸುಪಾಸಿನೊಳಗೆ ಉಳಿಯಿರಿ ಎಂಬುದು ಟೈರಿನವರ ಹಳೆಯ ರೂಢಿ. ವಿ-ಕ್ರಾಸ್ ಇಟ್ಟುಕೊಂಡವರಿಗೆ ಇದು ಸಾಕಷ್ಟು ಜಾಗ ಕೊಡುತ್ತದೆ. ಅದರ 255/60 R18 ಚಕ್ರದ ವ್ಯಾಸ 763 ಮಿ.ಮೀ., ಸೈಡ್‌ವಾಲ್ 153. ಅದನ್ನು ಬಿಟ್ಟು 265/65 R17ಕ್ಕೆ ಬಂದರೆ ವ್ಯಾಸ ಹೆಚ್ಚುವುದು ಶೇ 1.7 ಮಾತ್ರ, ಸೈಡ್‌ವಾಲ್ ಮಾತ್ರ 19 ಮಿ.ಮೀ. ಎತ್ತರವಾಗುತ್ತದೆ. 360 ನ್ಯೂಟನ್ ಮೀಟರಿನ 1.9 ಲೀಟರ್ ಎಂಜಿನ್ನಿಗೆ ಇದು ಹೊರೆಯೇ ಅಲ್ಲ. ಒಂದು ಇಂಚು ಲೋಹ ಬಿಟ್ಟುಕೊಟ್ಟು ಅದರ ಜಾಗಕ್ಕೆ ರಬ್ಬರು ತಂದುಕೊಳ್ಳುವ ಈ ದಾರಿ, ನನ್ನ ಲೆಕ್ಕದಲ್ಲಿ, ಉತ್ತರ ಬೆಂಗಳೂರಿನ ಮುಕ್ಕಾಲು ಪಾಲು ಪಿಕಪ್ ಮಾಲೀಕರಿಗೆ ಸಾಕು. ಒಂದೇ ಎಚ್ಚರಿಕೆ: ಸಣ್ಣ ರಿಮ್ ಬ್ರೇಕಿನ ಕ್ಯಾಲಿಪರ್‌ಗೆ ತಾಗದೆ ತಿರುಗುತ್ತದೆಯೇ ಎಂದು ಟೈರು ಕೂರಿಸುವ ಮೊದಲೇ ಬರಿ ರಿಮ್ ತೊಡಿಸಿ ನೋಡಬೇಕು.

ಅಗಲದ ಬಗ್ಗೆ ಇರುವಷ್ಟು ತಪ್ಪು ನಂಬಿಕೆ ಎತ್ತರದ ಬಗ್ಗೆ ಇಲ್ಲ. ಅಗಲ ಟೈರು ಎಂದರೆ ಹೆಚ್ಚು ಹಿಡಿತ ಎಂದು ಎಲ್ಲರೂ ಅಂದುಕೊಂಡಿದ್ದೇವೆ. ಕೊಲ್ಲೂರು, ನಿಟ್ಟೂರು ಕಡೆಯಿಂದ ಕೊಡಚಾದ್ರಿಗೆ ಯಾತ್ರಿಕರನ್ನು ತುಂಬಿಕೊಂಡು ಹತ್ತುವ ಜೀಪುಗಳನ್ನು ಒಮ್ಮೆ ನೋಡಿ. ಅಗಲ ಟೈರಿನ ಗೀಳು ಅವಕ್ಕಿಲ್ಲ. ಮಲೆನಾಡಿನ ಹಳೆಯ ಮಹೀಂದ್ರಾ ಜೀಪುಗಳದ್ದು 6.00-16 ಅಳತೆ, ಅಗಲ ಬರೇ ಆರು ಇಂಚು. ಮೇಲೆ ಒಂದು ಪದರ ಕೆಸರು, ಅಡಿಯಲ್ಲಿ ಗಟ್ಟಿ ನೆಲ ಇರುವ ದಾರಿಯಲ್ಲಿ ಕಿರಿದಾದ ಟೈರು ಕೆಸರನ್ನು ಸೀಳಿಕೊಂಡು ಕೆಳಗಿನ ಗಟ್ಟಿಯನ್ನು ಮುಟ್ಟುತ್ತದೆ. ಅಗಲ ಟೈರು ಕೆಸರಿನ ಮೇಲೆಯೇ ತೇಲಿ ಜಾರುತ್ತದೆ. ತೇಲುವುದೇ ಬೇಕಾಗಿರುವ ಜಾಗಗಳೂ ಇವೆ: ಕಡಲತೀರದ ಮರಳು, ತಳ ಸಿಗದ ಕೊಚ್ಚೆ. ನಮ್ಮ ಸುತ್ತಿನ ಕೆಂಪುಮಣ್ಣು ಹೆಚ್ಚಾಗಿ ಮೊದಲನೆಯ ಬಗೆಯದು. ಡಾಂಬರಿನ ಮೇಲೆ ನಿಂತ ಮಳೆನೀರಿನಲ್ಲೂ ಅಗಲ ಟೈರೇ ಬೇಗ ನೆಲದ ಹಿಡಿತ ಬಿಡುವುದು.

ನೆಲಕ್ಕೆ ತಾಗುವ ರಬ್ಬರಿನ ಪ್ರಮಾಣವನ್ನು ಹೆಚ್ಚಿಸಬೇಕೇ? ಅದಕ್ಕೆ ಅಂಗಡಿಗೇ ಹೋಗಬೇಕಾಗಿಲ್ಲ. ಎರಡು ಟನ್ ತೂಕದ ಗಾಡಿಯಲ್ಲಿ ಒಂದು ಚಕ್ರದ ಪಾಲು ಸುಮಾರು 500 ಕೆಜಿ ಎಂದಿಟ್ಟುಕೊಳ್ಳಿ. ಈ ಭಾರವನ್ನು ಹೊತ್ತಿರುವುದು ಬಹುಮಟ್ಟಿಗೆ ಒಳಗಿನ ಗಾಳಿ. 33 ಪಿಎಸ್‌ಐ ಒತ್ತಡ ಅಂದರೆ ಒಂದು ಚದರ ಸೆಂ.ಮೀ.ಗೆ 2.3 ಕೆಜಿ. ಹಾಗಾದರೆ ನೆಲಕ್ಕೆ ತಾಗಿರಬೇಕಾದ ಜಾಗ ಸುಮಾರು 215 ಚದರ ಸೆಂ.ಮೀ. ಗಾಳಿಯನ್ನು 18ಕ್ಕೆ ಇಳಿಸಿದರೆ ಅದು 395ಕ್ಕೆ ಏರುತ್ತದೆ. ಸೈಡ್‌ವಾಲ್‌ನ ಬಿಗಿತವನ್ನು ಬಿಟ್ಟು ಮಾಡಿದ ಒರಟು ಲೆಕ್ಕ ಇದು, ನಿಜದ ಅಂಕಿ ಇದಕ್ಕಿಂತ ಕಡಿಮೆಯೇ ಬರುತ್ತದೆ. ಆದರೂ ದಿಕ್ಕು ಇದೇ. ಗಾಳಿಯ ಒತ್ತಡ ಬದಲಾಯಿಸದೆ 265ರ ಬದಲು 285 ಹಾಕಿದರೆ ತಾಗುವ ಜಾಗದ ಆಕಾರ ಬದಲಾಗುತ್ತದೆ, ವಿಸ್ತೀರ್ಣ ಹೆಚ್ಚುಕಡಿಮೆ ಅಷ್ಟೇ ಉಳಿಯುತ್ತದೆ! ಲಕ್ಷ ರೂಪಾಯಿಯ ಟೈರು ಕೊಡದ ಹಿಡಿತವನ್ನು ವಾಲ್ವಿನ ಪಿನ್ನು ಒತ್ತಿ ಬಿಟ್ಟ ಗಾಳಿ ಕೊಡುತ್ತದೆ. ಹೀಗೆ ಗಾಳಿ ಇಳಿಸಿದಾಗ ಬಗ್ಗಿ ಹರಡಿಕೊಳ್ಳಲು ಬೇಕಾಗುವುದು ಎತ್ತರದ ಸೈಡ್‌ವಾಲ್, ಸಣ್ಣ ರಿಮ್‌ನ ಪರವಾಗಿ ನಾನು ಇಷ್ಟೊತ್ತು ವಾದಿಸಿದ್ದೂ ಇದಕ್ಕೇ.

ಕೆಸರಿಗೆ 18ರಿಂದ 20, ಕಲ್ಲುದಾರಿಗೆ 22ರಿಂದ 25 ಸಾಮಾನ್ಯ ಅಂದಾಜು. 15ಕ್ಕಿಂತ ಕೆಳಗೆ ಹೋದರೆ ತಿರುವಿನಲ್ಲಿ ಟೈರು ರಿಮ್‌ನಿಂದ ಕಳಚಿಕೊಳ್ಳುವ ಅಪಾಯ. ಇಳಿಸಿದ ಗಾಳಿಯಲ್ಲಿ ನಿಧಾನವಾಗಿಯೇ ಹೋಗಬೇಕು, ಡಾಂಬರು ಸಿಕ್ಕ ಕೂಡಲೇ ತುಂಬಿಸಬೇಕು, ಇಲ್ಲದಿದ್ದರೆ ಸೈಡ್‌ವಾಲ್ ಬಿಸಿಯಾಗಿ ಸೀಳುತ್ತದೆ. ದೊಡ್ಡಬಳ್ಳಾಪುರದ ತೋಟದ ದಾರಿಯಲ್ಲಿ ಪಂಚರ್ ಅಂಗಡಿ ಹುಡುಕುತ್ತಾ ಕೂರುವ ಬದಲು ಬ್ಯಾಟರಿಗೆ ಸಿಕ್ಕಿಸುವ ಒಳ್ಳೆಯ ಕಂಪ್ರೆಸರ್ ಒಂದನ್ನು ಗಾಡಿಯಲ್ಲಿ ಇಟ್ಟುಕೊಳ್ಳಿ. ದೊಡ್ಡ ಟೈರಿಗೆ ಸುರಿಯುವ ಹಣದಲ್ಲಿ ಒಂದು ಪಾಲು ಸಾಕು.

ಟೈರಿನ ಮೇಲ್ಮೈ ಯಾವ ಬಗೆಯದಿರಬೇಕು ಎಂಬುದು ಅಳತೆಗಿಂತ ಹೆಚ್ಚಿನ ವ್ಯತ್ಯಾಸ ತರುವ ಆಯ್ಕೆ, ಆದರೆ ಸುಲಭದ್ದು. ಕಂಪನಿಯಿಂದ ಬರುವುದು ಹೆಚ್ಚಾಗಿ ಹೈವೇ ಟೈರು. ದಪ್ಪ ಕಟ್ಟೆಗಳ ನಡುವೆ ಅಗಲ ಸಂದು ಇರುವುದು ಮಡ್ ಟೆರೇನ್, ನಮ್ಮವರು ಬಟನ್ ಟೈರು ಎನ್ನುವುದು. ಎರಡರ ನಡುವಿನದು ಆಲ್ ಟೆರೇನ್. ಬಟನ್ ಟೈರು ಸಕಲೇಶಪುರದ ಕೆಸರಿನಲ್ಲಿ ರಾಜ. ಅದೇ ಟೈರು ಮಳೆಯಲ್ಲಿ ತೊಯ್ದ ಹೆಬ್ಬಾಳದ ಲೂಪಿನಲ್ಲಿ ಬ್ರೇಕು ಒತ್ತಿದಾಗ ಎದೆ ಝಲ್ಲೆನ್ನಿಸುತ್ತದೆ, ಡಾಂಬರಿಗೆ ತಾಗುವ ರಬ್ಬರು ಅದರಲ್ಲಿ ಕಡಿಮೆ. ಜೊತೆಗೆ ಸದ್ದು. ವಾರದ ಐದು ದಿನವೂ ಆ ಗುಂಯ್‌ಗುಡುವಿಕೆಯನ್ನು ಸಹಿಸುವವರು ವರ್ಷಕ್ಕೊಮ್ಮೆಯ ಕೆಸರಿಗಾಗಿ ಸಹಿಸುತ್ತಿದ್ದಾರೆ ಎಂಬುದು ನೆನಪಿರಲಿ. ಆಲ್ ಟೆರೇನ್ ಸಾಕು. ಕೆಲವು ಆಮದು ಟೈರುಗಳ ಪಕ್ಕೆಯಲ್ಲಿ ಬೆಟ್ಟ ಮತ್ತು ಹಿಮದ ಗುರುತು ಇರುತ್ತದೆ, ಅದು ಹಿಮದಲ್ಲಿ ಪರೀಕ್ಷೆಯಾದದ್ದು ಎಂಬ ಮುದ್ರೆ. ಯಲಹಂಕದಲ್ಲಿ ಅದಕ್ಕಾಗಿ ಹೆಚ್ಚು ಕೊಡುವುದು ನಿಮ್ಮ ಇಷ್ಟ.

ಹೊಸ ಟೈರನ್ನು ಪರೀಕ್ಷಿಸಲು ಹೆಸರಘಟ್ಟದ ಹುಲ್ಲುಗಾವಲಿಗೆ ಇಳಿಯುವ ಚಟ ಕೆಲವರಿಗಿದೆ. ಆ ಪ್ರದೇಶವನ್ನು ಸಂರಕ್ಷಣಾ ಮೀಸಲು ಮಾಡಲು ರಾಜ್ಯ ವನ್ಯಜೀವಿ ಮಂಡಳಿ 2024ರ ಅಕ್ಟೋಬರ್‌ನಲ್ಲಿ ಒಪ್ಪಿಗೆ ಕೊಟ್ಟಿದೆ. ಅಲ್ಲಿ ಎದ್ದ ಚಕ್ರದ ಗೀರು ಮುಂದಿನ ಮಳೆಗೆ ಕೊರಕಲಾಗುತ್ತದೆ. ಪರೀಕ್ಷೆಗೆ ಸ್ವಂತ ತೋಟವಿದ್ದರೆ ಅದೇ ವಾಸಿ.

ಪಿಕಪ್ ಎಂದ ಮೇಲೆ ಹೊರೆಯ ಮಾತು ಬಿಡುವಂತಿಲ್ಲ. ಅಳತೆಯ ಮುಂದೆ 112S ಎಂಬಂಥ ಗುರುತು ಇರುತ್ತದೆ. 112 ಎಂದರೆ ಆ ಒಂದು ಟೈರು 1,120 ಕೆಜಿ ಹೊರಬಲ್ಲದು, 108 ಆದರೆ 1,000 ಕೆಜಿ. ಅಕ್ಷರ ವೇಗದ ಮಿತಿ: Q ಗಂಟೆಗೆ 160 ಕಿ.ಮೀ., S 180. ಯಶವಂತಪುರದ ದೇವರಾಜ ಅರಸು ಟ್ರಕ್ ಟರ್ಮಿನಲ್‌ನಲ್ಲಿ ಯಾವ ಲಾರಿ ಚಾಲಕನನ್ನು ಕೇಳಿದರೂ ಟೈರು ಎಷ್ಟು ಟನ್ನಿಗೆ ಎಂಬುದನ್ನೇ ಮೊದಲು ಹೇಳುತ್ತಾನೆ, ಚೆಂದದ ಮಾತು ಆಮೇಲೆ. ಹೊಸ ಟೈರಿನ ಅಂಕಿ ಹಳೆಯದಕ್ಕಿಂತ ಕಡಿಮೆ ಇರಕೂಡದು. ಹಾಗೆಂದು 121ರ ಭಾರೀ ಟೈರು ತಂದು ಖಾಲಿ ಪಿಕಪ್‌ಗೆ ಹಾಕಿದರೆ, ಮೊದಲೇ ಹಗುರವಾದ ಹಿಂಭಾಗ ಲೀಫ್ ಸ್ಪ್ರಿಂಗಿನ ಮೇಲೆ ಇನ್ನಷ್ಟು ಕುಪ್ಪಳಿಸುತ್ತದೆ. ಚಾಲಕನ ಬಾಗಿಲಿನ ಕಂಬಕ್ಕೆ ಅಂಟಿಸಿದ ಚೀಟಿಯಲ್ಲಿ ಖಾಲಿ ಗಾಡಿಗೆ, ತುಂಬಿದ ಗಾಡಿಗೆ ಬೇರೆ ಬೇರೆ ಗಾಳಿ ಬರೆದಿದ್ದರೆ ಅದನ್ನು ಪಾಲಿಸಿ.

ರಿಮ್ ಕೊಳ್ಳುವಾಗ ನೋಡಬೇಕಾದ್ದು ಮೂರ್ನಾಲ್ಕು. ಹೈಲಕ್ಸ್, ವಿ-ಕ್ರಾಸ್ ಎರಡಕ್ಕೂ ಆರು ಬೋಲ್ಟು, 139.7 ಮಿ.ಮೀ. ವೃತ್ತದಲ್ಲಿ. ಹಾಗೆಂದು ಒಂದರದ್ದು ಇನ್ನೊಂದಕ್ಕೆ ಸರಿಹೊಂದುತ್ತದೆ ಎನ್ನಬೇಡಿ. ನಡುವಿನ ತೂತು ಹೈಲಕ್ಸ್‌ಗೆ ಸುಮಾರು 106 ಮಿ.ಮೀ., ಇಸುಜುವಿಗೆ 100. ಸಡಿಲ ಕೂತ ರಿಮ್ ವೇಗದಲ್ಲಿ ನಡುಗುತ್ತದೆ. ಎಲ್ಲಕ್ಕಿಂತ ಹೆಚ್ಚು ಹಾನಿ ಮಾಡುವುದು ಆಫ್‌ಸೆಟ್, ಅಂದರೆ ರಿಮ್‌ನ ನಡುಗೆರೆಯಿಂದ ಬೋಲ್ಟು ಕೂರುವ ಮುಖ ಎಷ್ಟು ಹೊರಗಿದೆ ಎಂಬ ಅಳತೆ. ಅದು +30 ಇರುವ ಕಡೆ ಸೊನ್ನೆಯ ರಿಮ್ ಹಾಕಿದರೆ ಚಕ್ರ 30 ಮಿ.ಮೀ. ಹೊರಗೆ ಬರುತ್ತದೆ. ಗಾಡಿ ಎದೆಯುಬ್ಬಿಸಿ ನಿಂತಂತೆ ಕಾಣುತ್ತದೆ, ನಿಜ. ಬೇರಿಂಗಿನ ಮೇಲೆ ಭಾರ ಓರೆಯಾಗಿ ಬೀಳುತ್ತದೆ, ಗುಂಡಿಗೆ ಇಳಿದಾಗ ಸ್ಟೀರಿಂಗು ಕೈಯಿಂದ ಎಳೆಯುತ್ತದೆ, ಕೆಸರು ಬಾಗಿಲಿಗೆಲ್ಲ ಸಿಡಿಯುತ್ತದೆ. ಅಲಾಯ್ ಬದಲು ಸ್ಟೀಲ್ ಡಿಸ್ಕನ್ನೇ ಕೊಂಡರೂ ತಪ್ಪಿಲ್ಲ. ಬಗ್ಗಿದರೆ ಹಳ್ಳಿಯಲ್ಲೂ ಬಡಿದು ಸರಿಮಾಡುತ್ತಾರೆ, ಅಲಾಯ್ ಸೀಳಿದರೆ ಸೀಳಿದಂತೆಯೇ.

ಕಾನೂನಿನ ಮಾತು ಚಿಕ್ಕದು, ಆದರೆ ಗಟ್ಟಿಯಾದದ್ದು. 1988ರ ಮೋಟಾರು ವಾಹನ ಕಾಯ್ದೆಯ 52ನೇ ವಿಧಿ ತಯಾರಕರ ಮೂಲ ವಿವರಕ್ಕಿಂತ ಗಾಡಿಯನ್ನು ಬೇರೆಯಾಗಿಸುವುದನ್ನು ತಡೆಯುತ್ತದೆ. ಕೇರಳದಿಂದ ಬಂದ ಮೊಕದ್ದಮೆಯೊಂದರಲ್ಲಿ ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಇದನ್ನು ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿ ತಂದ 182ಎ ವಿಧಿಯಡಿ ಒಂದೊಂದು ಅಕ್ರಮ ಬದಲಾವಣೆಗೂ 5,000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲು, ಇಲ್ಲವೇ ಎರಡೂ. ಅಪಘಾತವಾದಾಗ ವಿಮೆಯವರು ಕಣ್ಣಿಡುವುದೂ ಇಂಥ ಬದಲಾವಣೆಗಳ ಮೇಲೆ. ಮಡ್‌ಗಾರ್ಡಿನಿಂದ ಆಚೆ ಚಾಚಿದ ಚಕ್ರ ಯಾರ ಕಣ್ಣಿಗಾದರೂ ಬೀಳುತ್ತದೆ. ಕಂಪನಿಯೇ ಅದೇ ಗಾಡಿಯ ಇನ್ನೊಂದು ಮಾದರಿಗೆ ಕೊಡುವ ಅಳತೆಯನ್ನು ಆರಿಸಿಕೊಳ್ಳುವುದು ಇದೆಲ್ಲದರ ನಡುವಿನ ಸುರಕ್ಷಿತ ದಾರಿ. ಹೈಲಕ್ಸ್ ಹೈ ಕೊಂಡವರಿಗೆ ಸ್ಟ್ಯಾಂಡರ್ಡ್‌ನ ಹದಿನೇಳು ಇದ್ದೇ ಇದೆ. ಅಳತೆ ಮೂಲದ್ದೇ ಇಟ್ಟು ಬರೀ ಆಲ್ ಟೆರೇನ್ ಹಾಕಿಸಿದರೆ ಈ ಪ್ರಶ್ನೆಯೇ ಏಳುವುದಿಲ್ಲ.

ಅಂಗಡಿಯಲ್ಲಿ ಹಣ ಕೊಡುವ ಮೊದಲು ಪಕ್ಕೆಯಲ್ಲಿರುವ ನಾಲ್ಕು ಅಂಕಿ ನೋಡಿ. ಮೊದಲೆರಡು ತಯಾರಾದ ವಾರ, ಕೊನೆಯೆರಡು ವರ್ಷ. ಹೊಸದೆಂದು ಮಾರುವ ಟೈರು ಗೋದಾಮಿನಲ್ಲಿ ಮೂರು ವರ್ಷ ಮಲಗಿದ್ದಿರಬಹುದು. ಕೂರಿಸಿದ ಮೇಲೆ ಸ್ಟೀರಿಂಗನ್ನು ಎರಡೂ ಕಡೆ ಪೂರ್ತಿ ತಿರುಗಿಸಿ, ಒಂದು ಮುಂದಿನ ಚಕ್ರವನ್ನು ದಿಮ್ಮಿಯ ಮೇಲೆ ಹತ್ತಿಸಿ, ಒಳಗಿನ ಪ್ಲಾಸ್ಟಿಕ್‌ಗೆ ಉಜ್ಜುತ್ತದೆಯೇ ಎಂದು ನೋಡಿ. ಸಮತಟ್ಟು ನೆಲದಲ್ಲಿ ಉಜ್ಜದ ಟೈರು ಹಳ್ಳದಲ್ಲಿ ಉಜ್ಜುತ್ತದೆ. ನೂರು ಕಿಲೋಮೀಟರ್ ಓಡಿದ ಮೇಲೆ ನಟ್ಟುಗಳನ್ನು ಮತ್ತೊಮ್ಮೆ ಬಿಗಿಸಿ.

ಕೊಳ್ಳಬೇಕಾದ್ದು ನಾಲ್ಕಲ್ಲ, ಐದು. ಸ್ಟೆಪ್ನಿ ಹಳೆಯ ಅಳತೆಯದ್ದೇ ಉಳಿದರೆ, ಕೆಸರಿನಲ್ಲಿ ಪಂಚರ್ ಆದಾಗ ಒಂದು ಚಕ್ರ ಸಣ್ಣದು, ಮೂರು ದೊಡ್ಡವು ಆಗುತ್ತವೆ. ಈ ಗಾಡಿಗಳ ಫೋರ್ ವೀಲ್ ಡ್ರೈವ್ ಹಾಕಿದಾಗ ಮುಂದಿನ ಹಿಂದಿನ ಆಕ್ಸಲ್ಲುಗಳು ಒಂದೇ ವೇಗಕ್ಕೆ ಬೀಗ ಬಿದ್ದಂತೆ ಸೇರಿಕೊಳ್ಳುತ್ತವೆ. ಚಕ್ರಗಳ ವ್ಯತ್ಯಾಸದ ಒತ್ತಡವೆಲ್ಲ ಟ್ರಾನ್ಸ್‌ಫರ್ ಕೇಸ್‌ನ ಹಲ್ಲುಗಳ ಮೇಲೆ ಬೀಳುತ್ತದೆ, ಅದರ ರಿಪೇರಿಯ ಮುಂದೆ ಐದನೆಯ ಟೈರು ಅಗ್ಗ. ಬುಟ್ಟಿಯ ಕೆಳಗೆ ಸ್ಟೆಪ್ನಿ ಕೂರುವ ಜಾಗ ಎಷ್ಟಿದೆ ಎಂದು ಟೇಪು ಹಿಡಿದು ಅಳೆದುಕೊಂಡೇ ಅಂಗಡಿಗೆ ಹೋಗಿ. ಎಷ್ಟು ದೊಡ್ಡ ಟೈರು ಹಿಡಿಯುತ್ತದೆ ಎಂಬ ಪ್ರಶ್ನೆಗೆ ಆ ಜಾಗವೂ ಒಂದು ಉತ್ತರ ಕೊಡುತ್ತದೆ.